ಅಡುಗೆ ಅವರದು, ಬುತ್ತಿ ನಮ್ಮದು

ಜೂನ್ ತಿಂಗಳು ಬಂತೆಂದರೆ ನಮ್ಮ ಕಡೆ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಹೊಲದಲ್ಲಿ ಬಿತ್ತನೆ, ಪೇಟೆಯಲ್ಲಿ ಅರ್ಜಿ. ಡಿಗ್ರಿಗೆ ಸೇರುವವರು, ಸ್ಕಾಲರ್‌ಶಿಪ್‌ಗೆ ಕಾಯುವವರು, ನೌಕರಿಗೆ ಅರ್ಜಿ ಹಾಕುವವರು, ಎಲ್ಲರೂ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಆನ್‌ಲೈನ್ ಸೆಂಟರ್‌ಗಳ ಮುಂದೆ ನಿಂತಿರುತ್ತಾರೆ. ಕವರ್‌ನೊಳಗೆ ಹತ್ತನೇ ತರಗತಿಯ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಕಲ್ಯಾಣ ಕರ್ನಾಟಕದವರಾದ ನಮಗೆ ಇವುಗಳ ಜತೆ 371ಜೆ ಪ್ರಮಾಣಪತ್ರವೂ ಬೇಕು.

ಅರ್ಜಿ ತುಂಬುವುದು ದೊಡ್ಡ ಮಾತಲ್ಲ. ತೊಡಕು ಇರುವುದು ಕೊನೆಯ ಹೆಜ್ಜೆಯಲ್ಲಿ. ‘ಎಲ್ಲ ದಾಖಲೆಗಳನ್ನು ಒಂದೇ ಪಿಡಿಎಫ್ ಮಾಡಿ’ ಎನ್ನುತ್ತದೆ ಒಂದು ಪೋರ್ಟಲ್. ‘200 ಕೆಬಿ ಮೀರಬಾರದು’ ಎನ್ನುತ್ತದೆ ಇನ್ನೊಂದು. ‘ಪಾಸ್‌ವರ್ಡ್ ಇರುವ ಫೈಲ್ ಬೇಡ’ ಎನ್ನುತ್ತದೆ ಮತ್ತೊಂದು. ಇಳಿಸಿಕೊಂಡ ಇ–ಆಧಾರ್ ತೆರೆಯಲು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ ಹೊಡೆಯುತ್ತೇವಲ್ಲ, ಆ ಪಾಸ್‌ವರ್ಡ್.

ಆಗ ಏನು ಮಾಡುತ್ತಾರೆ? ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಮೊದಲು ಕಂಡ ‘ಉಚಿತ’ ಜಾಲತಾಣಕ್ಕೆ ಆ ಫೈಲ್ ಏರಿಸುತ್ತಾರೆ. ಅದು ಜೋಡಿಸಿ, ಕುಗ್ಗಿಸಿ ವಾಪಸ್ ಕೊಡುತ್ತದೆ. ಕೆಲಸವೇನೋ ಆಯಿತು. ಆದರೆ ಯಾವ ದೇಶದಲ್ಲಿದೆಯೋ ಗೊತ್ತಿಲ್ಲದ ಕಂಪ್ಯೂಟರಿಗೆ ಕೂಲಿಕಾರರ ಮಗಳೊಬ್ಬಳ ಆಧಾರ್, ಖಾತೆ ಸಂಖ್ಯೆ, ಸಹಿ ಎಲ್ಲ ಹೋಗಿ ಬಂದವು. ಅಲ್ಲಿ ಒಂದು ಪ್ರತಿ ಉಳಿಯಿತೋ ಅಳಿಯಿತೋ ಯಾರೂ ಕೇಳುವುದಿಲ್ಲ. ಇನ್ನೊಂದು ಪ್ರತಿ ಅಂಗಡಿಯ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ವರ್ಷಗಟ್ಟಲೆ ಬಿದ್ದಿರುತ್ತದೆ.

ನಾನು ಕೊಪ್ಪಳದಲ್ಲಿ ಬಿಸಿಎ ಓದುತ್ತಿದ್ದೇನೆ. ಊರು ಕುಷ್ಟಗಿ ತಾಲ್ಲೂಕು. ರಜೆಯಲ್ಲಿ ಕುಷ್ಟಗಿಯಲ್ಲಿರುವ ಸೋದರಮಾವನ ಅಂಗಡಿಯಲ್ಲಿ ಕೂರುತ್ತೇನೆ. ಒಂದು ಝೆರಾಕ್ಸ್ ಮಶೀನ್, ಎರಡು ಹಳೇ ಕಂಪ್ಯೂಟರ್. ಹೊಸ ವಿಂಡೋಸ್‌ನ ಭಾರ ಅವು ಹೊರಲಾರವು. ಹಾಗಾಗಿ ಎರಡಕ್ಕೂ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟಿದ್ದೆ. ಒಂದು ದಿನ ಹಳೆಯ ಫೈಲ್‌ಗಳನ್ನು ಅಳಿಸುತ್ತಿದ್ದಾಗ ಮಾವ ಬಂದು ನೋಡಿದರು. ‘ನಮ್ಮ ಮಶೀನ್ ಮ್ಯಾಲೆ ಮಂದಿ ಆಧಾರ್ ಯಾಕ ಇರಬೇಕವ್ವಾ? ಅವರದು ಅವರಿಗೆ ಕೊಟ್ಟು ಕೈ ತೊಳಕೋಬೇಕು’ ಅಂದರು. ನಾನು ಕಟ್ಟಿದ ಪುಟ್ಟ ಪ್ಯಾಕೇಜಿನ ಮೂಲ ಆ ಒಂದು ಮಾತು.

ಪಿಡಿಎಫ್ ಒಳಗೆ ಏನಿದೆ?

ಪಿಡಿಎಫ್ ಅನ್ನು ಅಡೋಬಿ ಕಂಪನಿ ಹೊರತಂದದ್ದು 1993ರಲ್ಲಿ. ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಡೆಬಿಯನ್ ಶುರು ಮಾಡಿದ್ದೂ ಅದೇ ವರ್ಷ, ಆಗಸ್ಟ್ 16ರಂದು. 2008ರಲ್ಲಿ ಪಿಡಿಎಫ್ ಅಂತರರಾಷ್ಟ್ರೀಯ ಮಾನದಂಡವಾಯಿತು. ಅಂದರೆ ಅದರ ಒಳರಚನೆ ಈಗ ಗುಟ್ಟಲ್ಲ, ಯಾರು ಬೇಕಾದರೂ ಓದಿ ಸಾಧನ ಬರೆಯಬಹುದು.

ಪಿಡಿಎಫ್ ಅಂದರೆ ಒಂದು ಚಿತ್ರ ಅಂದುಕೊಂಡವರೇ ಹೆಚ್ಚು. ಹಾಗಲ್ಲ, ಅದೊಂದು ಕಪಾಟು. ಪುಟ, ಚಿತ್ರ, ಅಕ್ಷರಶೈಲಿ ಒಂದೊಂದೂ ನಂಬರ್ ಹಚ್ಚಿದ ಬೇರೆ ಬೇರೆ ಗಂಟು. ಯಾವ ಗಂಟು ಫೈಲಿನ ಎಷ್ಟನೇ ಬೈಟ್‌ನಲ್ಲಿದೆ ಎಂಬ ಪಟ್ಟಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಎರಡು ಪಿಡಿಎಫ್ ಜೋಡಿಸುವುದೆಂದರೆ ಎರಡೂ ಕಪಾಟಿನ ಗಂಟುಗಳನ್ನು ಒಂದರೊಳಗೆ ಇಟ್ಟು, ನಂಬರ್ ಬದಲಿಸಿ, ಪಟ್ಟಿಯನ್ನು ಹೊಸದಾಗಿ ಬರೆಯುವುದು. ಗಂಟಿನೊಳಗಿನ ವಸ್ತುವನ್ನು ಬಿಚ್ಚಿ ತಿದ್ದಬೇಕಿಲ್ಲ. ಹಾಗಾಗಿಯೇ ಪುಟದ ಮೇಲಿನ ಕನ್ನಡ ಒತ್ತಕ್ಷರಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ.

ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ‘ಕ್ಯೂಪಿಡಿಎಫ್’ ಎಂಬ ಸಾಧನ. ಜೇ ಬರ್ಕೆನ್‌ಬಿಲ್ಟ್ ಎಂಬುವರು ಬರೆದು 2008ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟದ್ದು. ಇದಕ್ಕೆ ಬಟನ್ ಇಲ್ಲ, ಕಿಟಕಿ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಜೋಡಿಸುತ್ತದೆ, ಬಿಡಿಸುತ್ತದೆ, ತಿರುಗಿಸುತ್ತದೆ, ಪಾಸ್‌ವರ್ಡ್ ಗೊತ್ತಿದ್ದರೆ ಬೀಗ ತೆಗೆಯುತ್ತದೆ. ಮೊಬೈಲ್‌ನಲ್ಲಿ ತೆಗೆದ ಫೋಟೊಗಳನ್ನು ಗುಣಮಟ್ಟ ಕೆಡಿಸದೆ ಪಿಡಿಎಫ್ ಮಾಡಲು ‘ಇಮೇಜ್‌ಟುಪಿಡಿಎಫ್’ ಇದೆ. ಗಾತ್ರ ಕುಗ್ಗಿಸಲು ‘ಘೋಸ್ಟ್‌ಸ್ಕ್ರಿಪ್ಟ್’ ಇದೆ. ಇಂಚಿಗೆ 150 ಚುಕ್ಕಿಗೆ ಇಳಿಸಿದರೆ ಅಂಕಪಟ್ಟಿ ಓದಲು ಬರುತ್ತದೆ. 72ಕ್ಕೆ ಇಳಿಸಿದರೆ ಮೊಹರಿನ ಅಕ್ಷರ ಕಲಸಿಹೋಗುತ್ತದೆ. ಇವು ಯಾವುದಕ್ಕೂ ಇಂಟರ್‌ನೆಟ್ ಬೇಡ. ಫೈಲ್ ಅಂಗಡಿಯ ಹೊಸಿಲು ದಾಟುವುದಿಲ್ಲ.

ಆದರೆ ಮೂರು ಸಾಧನಗಳ ಉದ್ದುದ್ದ ಇಂಗ್ಲಿಷ್ ಸಾಲುಗಳನ್ನು ಮಾವ ನೆನಪಿಟ್ಟುಕೊಳ್ಳಬೇಕೆಂದರೆ ಆಗದ ಮಾತು. ಹಾಗಾಗಿ ನಾನೊಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಅದು ಕನ್ನಡದಲ್ಲಿ ಕೇಳುತ್ತದೆ: ಜೋಡಿಸಬೇಕೇ, ಕುಗ್ಗಿಸಬೇಕೇ, ಬೀಗ ತೆಗೆಯಬೇಕೇ, ಎಷ್ಟು ಕೆಬಿಯೊಳಗೆ ಇರಬೇಕು? ಕೊನೆಗೆ ‘ಗ್ರಾಹಕರಿಗೆ ಫೈಲ್ ಕೊಟ್ಟಾಯಿತೇ? ಇಲ್ಲಿಂದ ಅಳಿಸಲೇ?’ ಎಂದೂ ಕೇಳುತ್ತದೆ. ಈ ಕೊನೆಯ ಪ್ರಶ್ನೆ ಮಾವನದು.

ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಸಾಲದೆ?

ಸುದ್ದಿ ಹಬ್ಬಿತು. ಗಂಗಾವತಿಯ ಗೆಳತಿಯೊಬ್ಬಳು ತನಗೂ ಬೇಕೆಂದಳು. ಅವಳಣ್ಣನದು ಅಕ್ಕಿ ಗಿರಣಿಗಳಿರುವ ರಸ್ತೆಯಲ್ಲಿ ಇಂಥದ್ದೇ ಅಂಗಡಿ. ಯಲಬುರ್ಗಾದಲ್ಲಿರುವ ನನ್ನ ದೊಡ್ಡಪ್ಪನ ಮಗನೂ ಕೇಳಿದ. ಕೊಪ್ಪಳದ ಹಾಸ್ಟೆಲ್‌ನಲ್ಲಂತೂ ಕೇಳುವವರಿಗೆ ಬರವಿರಲಿಲ್ಲ. ಮೂರ್ನಾಲ್ಕು ಕೆಬಿಯ ಸ್ಕ್ರಿಪ್ಟ್, ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಮುಗಿಯಿತಲ್ಲ ಎನ್ನಿಸುತ್ತದೆ.

ಮುಗಿಯುವುದಿಲ್ಲ. ಕುಷ್ಟಗಿಯ ಕಂಪ್ಯೂಟರಿನಲ್ಲಿ ಇರುವುದೆಲ್ಲ ಗಂಗಾವತಿಯಲ್ಲಿ ಇರುತ್ತದೆಂಬ ಖಾತರಿ ಇಲ್ಲ. ಅಲ್ಲಿ ‘ಇಮೇಜ್‌ಟುಪಿಡಿಎಫ್’ ಇರಲಿಲ್ಲ. ಯಲಬುರ್ಗಾದ ತೊಡಕು ಇನ್ನೂ ಸೂಕ್ಷ್ಮ. ಪಾಸ್‌ವರ್ಡನ್ನು ಆದೇಶದ ಸಾಲಿನಲ್ಲೇ ಬರೆದರೆ ಅದು ಕಂಪ್ಯೂಟರಿನ ಚರಿತ್ರೆಯಲ್ಲಿ ಉಳಿದುಬಿಡುತ್ತದೆ. ಅದಕ್ಕೇ ನನ್ನ ಸ್ಕ್ರಿಪ್ಟ್ ಗುಟ್ಟಾಗಿ ಓದಿ ದಾಟಿಸುವ ದಾರಿ ಬಳಸುತ್ತದೆ. ಕ್ಯೂಪಿಡಿಎಫ್‌ಗೆ ಆ ಸೌಲಭ್ಯ ಬಂದದ್ದು 10.2ನೇ ಆವೃತ್ತಿಯಲ್ಲಿ. ಅಣ್ಣನ ಡೆಬಿಯನ್ 11ರಲ್ಲಿದ್ದದ್ದು 10.1. ಒಂದೇ ಒಂದು ಮೆಟ್ಟಿಲು ಕಡಿಮೆ!

ಇಲ್ಲಿಯೇ ಪ್ಯಾಕೇಜಿಂಗ್ ಎಂಬ ವಿದ್ಯೆ ಶುರುವಾಗುವುದು. ಕ್ಲಾಸಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುತ್ತಾರೆ, ಇದನ್ನು ಹೇಳಿಕೊಡುವುದಿಲ್ಲ. ನನಗೆ ಇದು ಅರ್ಥವಾದದ್ದು ನಮ್ಮ ಮನೆಯ ಬುತ್ತಿಯಿಂದ. ಅಡುಗೆ ಮಾಡುವುದು ಬೇರೆ, ಬುತ್ತಿ ಕಟ್ಟುವುದು ಬೇರೆ. ಮನೆಯಲ್ಲಿ ಉಣ್ಣುವವರಿಗೆ ಉಪ್ಪು ಬೇಕಾದರೆ ಒಳಗಿಂದ ತಂದು ಬಡಿಸಬಹುದು. ಹೊಲಕ್ಕೋ ಪರವೂರಿಗೋ ಹೋಗುವವರ ಬುತ್ತಿಯಲ್ಲಿ ಎಲ್ಲವೂ ಮೊದಲೇ ಇರಬೇಕು. ರೊಟ್ಟಿ ಮುರಿಯಬಾರದು, ಪಲ್ಯ ಸೋರಬಾರದು, ಗಂಟು ಬಿಚ್ಚಿದವರಿಗೆ ಯಾವುದು ಏನೆಂದು ತಾನಾಗಿ ತಿಳಿಯಬೇಕು. ಕೇಳೋಣವೆಂದರೆ ಕಟ್ಟಿದವರು ಪಕ್ಕದಲ್ಲಿ ಇರುವುದಿಲ್ಲ.

ಗಂಟಿನೊಳಗೆ ನಾಲ್ಕು ಚೀಟಿ

ಡೆಬಿಯನ್ ಪ್ಯಾಕೇಜ್ ಕಟ್ಟುವಾಗ ಪ್ರೋಗ್ರಾಂ ಜತೆ ಒಂದು ಫೋಲ್ಡರ್ ಇಡಬೇಕು. ಅದರಲ್ಲಿ ಮುಖ್ಯವಾಗಿ ನಾಲ್ಕು ಫೈಲ್‌ಗಳು.

ಮೊದಲನೆಯದು ‘ಕಂಟ್ರೋಲ್’. ಪ್ಯಾಕೇಜಿನ ಹೆಸರು, ವಿವರಣೆ, ಇದಕ್ಕೆ ಬೇರೆ ಏನೇನು ಬೇಕು ಎಂಬ ಪಟ್ಟಿ ಇದರಲ್ಲಿರುತ್ತದೆ. ‘ಕ್ಯೂಪಿಡಿಎಫ್ ಬೇಕು, 10.2 ಅಥವಾ ಮೇಲಿನದು’ ಎಂದು ಒಂದು ಸಾಲು ಬರೆದರೆ ಸಾಕು. ಹಳೆಯದಿರುವ ಕಂಪ್ಯೂಟರ್ ಅರ್ಧಕ್ಕೆ ಮುಗ್ಗರಿಸುವುದಿಲ್ಲ. ಮೊದಲೇ ‘ಇದು ಇಲ್ಲಿ ಕೂರುವುದಿಲ್ಲ, ಕಾರಣ ಇಂಥದ್ದು’ ಎಂದು ಹೇಳುತ್ತದೆ. ಇಮೇಜ್‌ಟುಪಿಡಿಎಫ್ ಇಲ್ಲದಿದ್ದರೆ ನೆಟ್ ಇದ್ದಾಗ ತಾನೇ ತಂದುಕೊಳ್ಳುತ್ತದೆ.

ಎರಡನೆಯದು ‘ರೂಲ್ಸ್’, ಅಂದರೆ ಕಟ್ಟುವ ಕ್ರಮ. ಇದು ಅಂಜಿಕೆ ಹುಟ್ಟಿಸುವ ಹೆಸರು. ‘ಡೆಬ್‌ಹೆಲ್ಪರ್’ ಎಂಬ ನೆರವಿನಿಂದ ನನ್ನಂಥ ಸಣ್ಣ ಪ್ಯಾಕೇಜಿಗೆ ಮೂರೇ ಸಾಲಿನಲ್ಲಿ ಮುಗಿಯುತ್ತದೆ.

ಮೂರನೆಯದು ‘ಕಾಪಿರೈಟ್’. ಯಾರು ಬರೆದದ್ದು, ಯಾವ ಷರತ್ತಿನ ಮೇಲೆ ಹಂಚಬಹುದು ಎಂಬುದು. ಕಾಪಿ ಹೊಡೆದ ಪ್ರಾಜೆಕ್ಟ್‌ಗಳ ನಡುವೆ ಓದುವ ನಮಗೆ ಇದೊಂದು ಹೊಸ ಪಾಠ. ಎಷ್ಟೇ ಚಿಕ್ಕದಿರಲಿ, ಇನ್ನೊಬ್ಬರ ದುಡಿಮೆಯ ಮೇಲೆ ಅವರ ಹೆಸರಿರಬೇಕು.

ನಾಲ್ಕನೆಯದು ‘ಚೇಂಜ್‌ಲಾಗ್’. ಯಾವ ದಿನ, ಯಾರು, ಏನು ಬದಲಿಸಿದರು ಎಂಬ ದಿನಚರಿ. ಡೆಬಿಯನ್ ಆವೃತ್ತಿಯ ನಂಬರ್‌ನಲ್ಲಿ ಸಾಮಾನ್ಯವಾಗಿ ಒಂದು ಅಡ್ಡಗೆರೆ ಇರುತ್ತದೆ. ಗೆರೆಯ ಮುಂಚಿನದು ಪ್ರೋಗ್ರಾಂ ಬರೆದವರ ಎಣಿಕೆ, ನಂತರದ್ದು ಪ್ಯಾಕೇಜ್ ಕಟ್ಟಿದವರ ಎಣಿಕೆ. ಅಡುಗೆಯವರ ಲೆಕ್ಕ ಬೇರೆ, ಬುತ್ತಿಯವರ ಲೆಕ್ಕ ಬೇರೆ. ನನಗೆ ಬಹಳ ಹಿಡಿಸಿದ ಸಂಗತಿ ಇದು.

ಕಟ್ಟಿದ ಮೇಲೆ ಪರೀಕ್ಷೆ. ‘ಲಿಂಟಿಯನ್’ ಎಂಬ ಸಾಧನ ಇದೆ, ಥೇಟ್ ಹಳೇ ಕಾಲದ ಹೆಡ್‌ಮಾಸ್ತರರು. ಮ್ಯಾನುಯಲ್ ಪುಟ ಎಲ್ಲಿ, ವಿವರಣೆಯ ಸಾಲು ಯಾಕಿಷ್ಟು ಉದ್ದ ಎಂದು ಒಂದೊಂದನ್ನೂ ಎತ್ತಿ ತೋರಿಸುತ್ತದೆ. ಇನ್ನೊಂದು ಪರೀಕ್ಷೆ ಖಾಲಿ ಮನೆಯಲ್ಲಿ ಕಟ್ಟುವುದು. ‘ಎಸ್‌ಬಿಲ್ಡ್’ ಅಥವಾ ‘ಪಿಬಿಲ್ಡರ್’ ಬಳಸಿದರೆ ಕಂಪ್ಯೂಟರಿನೊಳಗೇ ಹೊಚ್ಚಹೊಸ ಡೆಬಿಯನ್ ಕೋಣೆಯೊಂದು ಸಿದ್ಧವಾಗುತ್ತದೆ. ಅಲ್ಲಿ ನಾವು ಪಟ್ಟಿ ಕೊಟ್ಟ ಸಾಮಾನು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಲ್ಲಿ ಕಟ್ಟಲು ಬಂದರೆ ಎಲ್ಲಾದರೂ ಕಟ್ಟಲು ಬರುತ್ತದೆ.

ನಮ್ಮ ಊರಿನದೇ ಪರೀಕ್ಷೆಗಳೂ ಇದ್ದವು. ಫೈಲಿನ ಹೆಸರು ಕನ್ನಡದಲ್ಲಿದ್ದರೆ? ‘ಅವ್ವನ ಆಧಾರ್’ ಎಂದು ನಡುವೆ ಜಾಗ ಬಿಟ್ಟಿದ್ದರೆ? ಕರೆಂಟ್ ಹೋಗಿ ಅರ್ಧಕ್ಕೆ ನಿಂತರೆ ಮೂಲ ಫೈಲ್ ಉಳಿಯುತ್ತದೆಯೇ? ಇದಕ್ಕಾಗಿ ಮೂಲವನ್ನು ಎಂದೂ ಮುಟ್ಟದೆ ಹೊಸ ಹೆಸರಿನಲ್ಲೇ ಬರೆಯುವ ಕ್ರಮ ಇಟ್ಟೆ. ಮತ್ತೊಂದು ಎಚ್ಚರಿಕೆಯನ್ನು ವಿವರಣೆಯಲ್ಲೇ ಬರೆದಿದ್ದೇನೆ: ಡಿಜಿಟಲ್ ಸಹಿ ಇರುವ ಪ್ರಮಾಣಪತ್ರವನ್ನು ಕುಗ್ಗಿಸಿದರೆ, ಜೋಡಿಸಿದರೆ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಅಂಥದ್ದನ್ನು ಮೂಲದಲ್ಲಿದ್ದಂತೆಯೇ ಕೊಡಬೇಕು.

ಪ್ಯಾಕೇಜಿಗೆ ‘ಬುತ್ತಿ’ ಎಂದೇ ಹೆಸರಿಟ್ಟೆ. ಯಲಬುರ್ಗಾದ ಅಣ್ಣ ಮೊದಲು ತನ್ನ ಕಂಪ್ಯೂಟರನ್ನು ಡೆಬಿಯನ್ 12ಕ್ಕೆ ಏರಿಸಿಕೊಂಡು, ಆಮೇಲೆ ಹಾಕಿಕೊಂಡ. ಸಂಜೆ ಫೋನ್ ಮಾಡಿ ಹೇಗಿದೆ ಎಂದು ಕೇಳಿದೆ. ‘ಹಾಕಿದೆ, ನಡೀತು. ಮತ್ತೇನು ಹೇಳ್ಲಿ?’ ಅಂದ. ಪ್ಯಾಕೇಜ್ ಕಟ್ಟಿದವರಿಗೆ ಸಿಗುವ ದೊಡ್ಡ ಬಹುಮಾನ ಇದೇ. ಹೇಳಲು ಏನೂ ಇಲ್ಲದಿರುವುದು.

ಊರಿನಾಚೆಯ ದಾಸೋಹ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬಂದವರಿಗೆ ಅಲ್ಲಿನ ಮಹಾದಾಸೋಹ ಗೊತ್ತಿರುತ್ತದೆ. ಸುತ್ತಲ ಹಳ್ಳಿಗಳ ಜನ ಮನೆಯಲ್ಲಿ ಬಡಿದ ಜೋಳದ ರೊಟ್ಟಿ ಹೊತ್ತು ತರುತ್ತಾರೆ. ಯಾರ ರೊಟ್ಟಿ ಯಾರ ಹೊಟ್ಟೆಗೆ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಡೆಬಿಯನ್ ಹೆಚ್ಚುಕಡಿಮೆ ಹಾಗೆಯೇ. 2023ರ ಜೂನ್ 10ರಂದು ಬಂದ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿದ್ದವು. ಕಟ್ಟಿದವರು ಹೆಚ್ಚಾಗಿ ಸ್ವಯಂಸೇವಕರು. ಕ್ಯೂಪಿಡಿಎಫ್‌ನ ವಿಷಯದಲ್ಲಂತೂ ಬರೆದ ಜೇ ಅವರೇ ಡೆಬಿಯನ್‌ಗಾಗಿ ಅದರ ಪ್ಯಾಕೇಜನ್ನೂ ನೋಡಿಕೊಂಡವರು. ಅಡುಗೆಯೂ ಅವರದೇ, ಬುತ್ತಿಯೂ ಅವರದೇ.

ಕಟ್ಟುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಪಿಡಿಎಫ್‌ಟಿಕೆ’ಯ ಕಥೆ ಇದೆ. ಸಿಡ್ ಸ್ಟೀವರ್ಡ್ ಬರೆದ ಈ ಸಾಧನ ಬಹಳ ವರ್ಷ ಲಿನಕ್ಸ್ ಬಳಕೆದಾರರ ಮೆಚ್ಚಿನದಾಗಿತ್ತು. ಅದನ್ನು ಕಟ್ಟಲು ‘ಜಿಸಿಜೆ’ ಎಂಬ ಜಾವಾ ಕಂಪೈಲರ್ ಬೇಕಿತ್ತು. 2017ರಲ್ಲಿ ಬಂದ ಜಿಸಿಸಿ 7ರಿಂದ ಜಿಸಿಜೆಯನ್ನು ತೆಗೆದುಹಾಕಿದರು. ಸಾಧನ ಕೆಟ್ಟಿರಲಿಲ್ಲ, ಅದು ನಿಂತಿದ್ದ ಕಂಬ ಹೋಗಿತ್ತು. 2018ರ ಏಪ್ರಿಲ್‌ನಲ್ಲಿ ಬಂದ ಉಬುಂಟು 18.04ರಲ್ಲಿ ಹುಡುಕಿದವರಿಗೆ ಪಿಡಿಎಫ್‌ಟಿಕೆ ಸಿಗಲಿಲ್ಲ. ಆಗ ಮಾರ್ಕ್ ವಿನ್ಯಾಲ್ಸ್ ಎಂಬುವರು ಅದನ್ನು ಪೂರ್ತಿ ಜಾವಾಗೆ ತಂದರು. 2019ರ ಡೆಬಿಯನ್ 10ರಲ್ಲಿ ಅದು ‘ಪಿಡಿಎಫ್‌ಟಿಕೆ–ಜಾವಾ’ ಹೆಸರಿನಲ್ಲಿ ಮರಳಿ ಬಂತು.

ಕನ್ನಡದವರ ರೊಟ್ಟಿಯೂ ಈ ದಾಸೋಹದಲ್ಲಿದೆ. ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’ ಮತ್ತು ‘ನವಿಲು’ ಎಂಬ ಯೂನಿಕೋಡ್ ಅಕ್ಷರಶೈಲಿಗಳು ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳಾಗಿವೆ. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರಾದರೂ ಒಂದು ಸಾಲು ಹೊಡೆದು ಇವನ್ನು ತರಿಸಿಕೊಂಡು ಕನ್ನಡ ಓದಬಹುದು. 2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು.

ಡೆಬಿಯನ್‌ಗೆ ಹೊಸ ಪ್ಯಾಕೇಜ್ ಸೇರಿಸುವ ದಾರಿಯೂ ಬಹಿರಂಗವಾದದ್ದೇ. ಮೊದಲು ‘ಇಂಥದ್ದನ್ನು ಕಟ್ಟುವ ಉದ್ದೇಶವಿದೆ’ ಎಂದು ಅರ್ಜಿ ಹಾಕಬೇಕು. ಕಟ್ಟಿದ್ದನ್ನು ಎಲ್ಲರೂ ನೋಡುವ ಕಡೆ ಇಡಬೇಕು. ಅಧಿಕಾರವಿರುವ ಒಬ್ಬ ಡೆವಲಪರ್ ಪರಿಶೀಲಿಸಿ ತಮ್ಮ ಹೊಣೆಯ ಮೇಲೆ ಏರಿಸಬೇಕು. ಆಮೇಲೂ ಲೈಸೆನ್ಸ್ ಸರಿಯಿದೆಯೇ ಎಂದು ನೋಡುವವರ ಸರದಿಯಲ್ಲಿ ಕಾಯಬೇಕು. ಜಾತಿ ಪ್ರಮಾಣಪತ್ರಕ್ಕೆ ಓಡಾಡಿದ ನಮಗೆ ಇದೇನು ಹೆಚ್ಚಲ್ಲ ಬಿಡಿ!

ನನ್ನ ‘ಬುತ್ತಿ’ ಆ ಬಾಗಿಲು ತಟ್ಟಿಲ್ಲ. ನಾಲ್ಕು ಊರಿನ ಅಂಗಡಿಗಳಿಗೆ ಮಾಡಿದ್ದಕ್ಕೆ ಅದು ಬೇಕಾಗಿಯೂ ಇಲ್ಲ. ಆದರೆ ಡೆಬಿಯನ್ ಪ್ರತಿ ಪ್ಯಾಕೇಜಿಗೂ ಕೇಳುವ ಒಂದು ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ: ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ಕಂಟ್ರೋಲ್ ಫೈಲಿನಲ್ಲಿ ‘ನಿರ್ವಾಹಕರು’ ಎಂಬ ಜಾಗದಲ್ಲಿ ಹೆಸರು, ಇಮೇಲ್ ಬರೆಯದೆ ಪ್ಯಾಕೇಜ್ ಪೂರ್ತಿಯಾಗುವುದಿಲ್ಲ. ಬಿಸಿಎ ಮುಗಿದ ಮೇಲೆ ಬಹುಶಃ ನಾನೂ ಎಲ್ಲರಂತೆ ಬೆಂಗಳೂರಿನ ಬಸ್ ಹತ್ತುವವಳೇ. ಪೋರ್ಟಲ್‌ಗಳ ನಿಯಮ ಬದಲಾಗುತ್ತವೆ, ಡೆಬಿಯನ್ ಬದಲಾಗುತ್ತದೆ. ಆಗ ಮಾವ, ಅಣ್ಣ ಮತ್ತೆ ‘ಉಚಿತ’ ಜಾಲತಾಣಕ್ಕೇ ಹೋಗಬೇಕೇ?

ಹಾಗಾಗಬಾರದೆಂದು ಗಂಗಾವತಿಯ ಗೆಳತಿಯ ಹೆಸರನ್ನೂ ಕಂಟ್ರೋಲ್ ಫೈಲಿಗೆ ಸೇರಿಸಿದ್ದೇವೆ. ಅವಳು ಕಂಪ್ಯೂಟರ್ ಸೈನ್ಸ್ ಓದಿದವಳಲ್ಲ, ಬಿಕಾಂ. ಎರಡು ಭಾನುವಾರ ಕೂತು ನಾಲ್ಕೂ ಫೈಲ್ ಓದಿಕೊಂಡಳು. ಅಂಕಪಟ್ಟಿಯನ್ನು ಅಡ್ಡಲಾಗಿ ಫೋಟೊ ತೆಗೆದು ತರುವವರೇ ಹೆಚ್ಚೆಂದು ಪುಟ ತಿರುಗಿಸುವ ಪ್ರಶ್ನೆಯೊಂದನ್ನು ತಾನೇ ಸೇರಿಸಿದಳು. ಚೇಂಜ್‌ಲಾಗ್‌ನ ಮೇಲ್ತುದಿಯಲ್ಲಿ ಈಗ ಇರುವುದು ಅವಳ ಹೆಸರು.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೋ ಕಾಲೇಜಿನಲ್ಲೋ ಹಳೇ ಕಂಪ್ಯೂಟರ್ ಇದ್ದರೆ ಡೆಬಿಯನ್ ಹಾಕಿ, ‘ಗುಬ್ಬಿ’ಯ ಮೂಲ ಪ್ಯಾಕೇಜ್ ಇಳಿಸಿಕೊಂಡು ಬಿಚ್ಚಿ ನೋಡಿ. ಚಿಕ್ಕದು, ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ. ಆಮೇಲೆ ನಿಮ್ಮೂರಿನ ಝೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು, ಅಲ್ಲಿಗೆ ಬರುವವರ ಫೈಲ್‌ಗಳು ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಗಮನಿಸಿ. ಏನು ಕಟ್ಟಬೇಕೆಂದು ಆಗ ನಿಮಗೇ ಹೊಳೆಯುತ್ತದೆ.